ನಾಂತ್‌ನ ಹಡಗುಗಳಿಗೆ ಹೆಸರಿತ್ತು

೧

ಎಲ್ಲಿಂದ ಶುರು ಮಾಡಲಿ, ನೀವೇ ಹೇಳಿ. ‘ಫ್ರಾನ್ಸಿನ ಪಶ್ಚಿಮಕ್ಕೆ, ಲ್ವಾರ್ ನದಿಯ ದಂಡೆಯಲ್ಲಿ, ನಾಂತ್ ಎಂಬ ಚೆಲುವಾದ ಬಂದರು ನಗರವಿದೆ’ ಎಂದೇ? ಈ ವಾಕ್ಯ ನನ್ನದಲ್ಲ, ಮೈಥಿಲಿಯದು. ಇಂಥದ್ದನ್ನು ಬರೆಯಲೆಂದೇ ಅವಳನ್ನು ಕೆಲಸಕ್ಕಿಟ್ಟುಕೊಂಡಿದ್ದರು. ನನ್ನನ್ನು ಯಾರೂ ಇಟ್ಟುಕೊಂಡಿಲ್ಲ. ಆದ್ದರಿಂದ ಹೊಡೆದುಹಾಕುತ್ತೇನೆ.

೧, ಮತ್ತೊಮ್ಮೆ

೨೦೧೩ರ ಆಗಸ್ಟ್. ಬ್ರಿಸ್ಬೇನಿನ ಫೋರ್ಟಿಟ್ಯೂಡ್ ವ್ಯಾಲಿಯಲ್ಲಿ ಪ್ರವಾಸ ಮಾರುವ ಒಂದು ಕಂಪನಿ, ಹೆಡ್ಡಾಫೀಸು ಪರ್ತ್‌ನಲ್ಲಿ. ಮೈಸೂರಿನ ಮೈಥಿಲಿ ಅದರ ಇಂಗ್ಲಿಷ್ ವೆಬ್‌ಸೈಟಿಗಾಗಿ ತಾನು ಕಾಣದ ಊರುಗಳ ಬಗ್ಗೆ ಬರೆಯುತ್ತಾಳೆ. (ನಾನೂ ನಾಂತ್ ಕಂಡವನಲ್ಲ. ಈ ವಿಷಯದಲ್ಲಿ ನಾವಿಬ್ಬರೂ ಒಂದೇ ಜಾತಿ.) ಈ ಸಲದ ಅಸೈನ್‌ಮೆಂಟ್: ನಾಂತ್‌ನ ಇತಿಹಾಸ, ಸಂಸ್ಕೃತಿ, ನೋಡತಕ್ಕ ಸ್ಥಳಗಳು. ಒಂದೇ ಪುಟ.

೨

ಒಂದು ವಾರ ಓದಿದಳು. ಡ್ಯೂಕರ ಕೋಟೆ. ಬೆಣ್ಣೆ ಬಿಸ್ಕತ್ತು. ಜನರನ್ನು ಬೆನ್ನ ಮೇಲೆ ಕೂರಿಸಿಕೊಂಡು ನಡೆಯುವ, ಹನ್ನೆರಡು ಮೀಟರ್ ಎತ್ತರದ ಯಂತ್ರದ ಆನೆ. ಮೈಸೂರಿನವಳಿಗೆ ಆನೆ ಎಂದರೆ ಸಾಕಲ್ಲ, ಖುಷಿಯಿಂದ ಎರಡು ಪ್ಯಾರಾ ಬರೆದಳು.

ಆಮೇಲೆ ನದಿಯ ದಂಡೆಗೆ ಬಂದಳು. ಅಲ್ಲಿ ಹಿಂದಿನ ವರ್ಷವಷ್ಟೇ ಒಂದು ಸ್ಮಾರಕ ತೆರೆದಿದ್ದರು. ನಡೆಯುವ ದಾರಿಯಲ್ಲೇ ಹೂತ ಎರಡು ಸಾವಿರ ಗಾಜಿನ ಫಲಕಗಳು. ಬಹುಪಾಲು ಫಲಕಗಳ ಮೇಲೆ ಒಂದೊಂದು ಹಡಗಿನ ಹೆಸರು, ಹೊರಟ ವರ್ಷ. ಆಫ್ರಿಕಾದ ತೀರದಲ್ಲಿ ಮನುಷ್ಯರನ್ನು ತುಂಬಿಕೊಂಡು, ಅಟ್ಲಾಂಟಿಕ್ ದಾಟಿಸಿ ಮಾರಿದ ಹಡಗುಗಳು. ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಮನುಷ್ಯರು. ಹಡಗಿಗೆ ಹೆಸರಿತ್ತು, ಅದರ ಹೊಟ್ಟೆಯಲ್ಲಿದ್ದವರ ಹೆಸರು ಬರೆದಿಡಬೇಕೆಂದು ಅಂದು ಯಾರಿಗೂ ಅನ್ನಿಸಿರಲಿಲ್ಲ.

ಆ ಮನುಷ್ಯರನ್ನು ಏನು ಕೊಟ್ಟು ಕೊಂಡರು? ಬಂದೂಕು, ಬ್ರಾಂದಿ, ಮತ್ತೆ ಬಟ್ಟೆ. ನಮ್ಮ ಬಟ್ಟೆ! ಪುದುಚೇರಿಯಿಂದ ಹೋದ ಹತ್ತಿಯ ಥಾನುಗಳು. ಮೈಥಿಲಿ ಅಪ್ಪ ಚಾಮರಾಜರ ಜವಳಿ ಅಂಗಡಿಯಲ್ಲಿ ಬೆಳೆದವಳು. ಒಬ್ಬ ಮನುಷ್ಯನಿಗೆ ಎಷ್ಟು ಮೊಳವಾಗಿರಬಹುದು ಎಂದು ಮನಸ್ಸು ತಾನಾಗಿ ಅಳೆಯಲು ಹೊರಟಿತು. ಅವಳು ಮಾನಿಟರ್ ಆಫ್ ಮಾಡಿ ಎದ್ದುಹೋದಳು.

ಬಂದು ಬರೆದಳು. ಒಂದೇ ಪ್ಯಾರಾ.

೩

ಅದನ್ನು ಎಡಿಟರ್ ಕ್ಯಾರೋಲ್ ಕತ್ತರಿಸಿದಳು. ಮಂಗಳೂರಿನವಳು, ಮಸ್ಕತ್ ಮೂಲಕ ಬಂದವಳು.

“ಎಂತ ಮಾರಾಯ್ತಿ ಇದು? ಜನ ರಜೆಯಲ್ಲಿ ಹೋಗುದು. ಅಳ್ಲಿಕ್ಕೆ ಅಲ್ಲ.”

“ಅದು ಆ ಊರಿನ ಹಿಸ್ಟರಿ ಕ್ಯಾರೋಲ್. ಅವ್ರೇ ಒಪ್ಕೊಂಡು ಸ್ಮಾರಕ ಕಟ್ಟಿದ್ದಾರೆ. ನಾವ್ಯಾಕೆ ಮುಚ್ಚಿಡ್ಬೇಕು?”

“ಮುಚ್ಚಿಡುದಲ್ಲ. ಸಣ್ಣದು ಮಾಡುದು.”

ಸಣ್ಣದು ಮಾಡಿದ ಮೇಲೆ ಉಳಿದ ವಾಕ್ಯ ಇದು: ‘ವರ್ಣರಂಜಿತ ಕಡಲ ವ್ಯಾಪಾರದಿಂದ ನಾಂತ್ ಸಿರಿವಂತವಾಯಿತು.’

ವರ್ಣರಂಜಿತವಂತೆ! (ಕ್ಷಮಿಸಿ. ನಿರೂಪಕ ತಣ್ಣಗಿರಬೇಕು ಎನ್ನುತ್ತಾರೆ. ಯಾರು ಎನ್ನುತ್ತಾರೋ ಅವರು ಆ ವಾಕ್ಯವನ್ನು ಒಮ್ಮೆ ಗಟ್ಟಿಯಾಗಿ ಓದಲಿ.)

೪

ಇಲ್ಲಿ ಮೈಥಿಲಿ ರಾಜೀನಾಮೆಯನ್ನು ಟೇಬಲ್ ಮೇಲೆ ಎಸೆದು ಹೊರಡುತ್ತಾಳೆ ಎಂದು ಬರೆದಿದ್ದೆ. ಒಳ್ಳೇ ದೃಶ್ಯ. ಅವಳು ಒಪ್ಪಲಿಲ್ಲ.

“ನಿಮ್ಗೇನ್ ಸಾರ್, ಬರೆದ್ಬಿಡ್ತೀರಿ. ನಂದು ಸ್ಪಾನ್ಸರ್ ವೀಸಾ. ಕೆಲ್ಸ ಬಿಟ್ರೆ ತೊಂಬತ್ತು ದಿನದಲ್ಲಿ ದೇಶ ಬಿಡ್ಬೇಕು. ಕ್ಯಾಲಮ್‌ವೇಲ್ ಸ್ಕೂಲಲ್ಲಿ ಮಗಳು ಈಗ ತಾನೆ ಒಬ್ಬ ಫ್ರೆಂಡ್ ಮಾಡ್ಕೊಂಡಿದ್ದಾಳೆ.”

“ಹಾಗಾದ್ರೆ ಸುಮ್ಮನಿರ್ತೀಯಾ?”

“ಸುಮ್ನಿರ್ತೀನಿ ಅಂತ ಯಾರ್ ಹೇಳಿದ್ರು?”

ದೃಶ್ಯವನ್ನು ಅಳಿಸಿದೆ.

೫

ಪುಟಕ್ಕೆ ಚಿತ್ರ ಹಾಕುವವನು ಪಕ್ಕದ ಡೆಸ್ಕಿನ ವೆಸ್ಲಿ. ಅವನ ಕೈಗೆ ಮೈಥಿಲಿಯ ಮೊದಲ ಡ್ರಾಫ್ಟೇ ಹೋಗಿತ್ತು. ಅವನು ಅದನ್ನು ಎರಡು ಸಲ ಓದಿದ.

“ಹಡಗುಗಳ ಹೆಸರನ್ನು ನೆಲದಲ್ಲಿ ಬರೆದಿದ್ದಾರಾ? ಎಲ್ಲರೂ ನಡೆಯುವ ಕಡೆ?” ಎಂದು ಇಂಗ್ಲಿಷಿನಲ್ಲಿ ಕೇಳಿದ.

“ಹೌದು.”

“ನನ್ನ ಮುತ್ತಜ್ಜನನ್ನು ಪೆಸಿಫಿಕ್‌ನ ತನ್ನಾ ದ್ವೀಪದಿಂದ ಇಲ್ಲಿನ ಕಬ್ಬಿನ ಗದ್ದೆಯಲ್ಲಿ ದುಡಿಸಲು ಬಲವಂತವಾಗಿ ಹಡಗಿನಲ್ಲಿ ತಂದರು. ಅಂಥ ಮೊದಲ ಹಡಗು ಬ್ರಿಸ್ಬೇನಿಗೆ ಬಂದು ಈ ತಿಂಗಳಿಗೆ ನೂರೈವತ್ತು ವರ್ಷ. ಅಜ್ಜಿಗೆ ತನ್ನ ಅಪ್ಪನ ಹೆಸರು ಗೊತ್ತು. ಹಡಗಿನ ಹೆಸರು ಗೊತ್ತಿಲ್ಲ.”

ಆರು ವರ್ಷದಿಂದ ಇದೇ ಊರಲ್ಲಿ ಟೀಗೆ ಸಕ್ಕರೆ ಹಾಕಿಕೊಂಡು ಕುಡಿದ ಮೈಥಿಲಿಗೆ ಇದು ಗೊತ್ತಿರಲಿಲ್ಲ. ಅವಳ ಸಿಟ್ಟು ಮೊದಲ ಸಲ ತನ್ನ ಮೇಲೂ ತಿರುಗಿತು.

ಅಂದು ಮಧ್ಯಾಹ್ನ ವೆಸ್ಲಿ ಆನೆಯ ಚಿತ್ರ ತೆಗೆದು ಸ್ಮಾರಕದ ಚಿತ್ರ ಹಾಕಿದ. ಮೈಥಿಲಿ ಅದರಡಿ ತನ್ನ ಪ್ಯಾರಾವನ್ನು ಇಡಿಯಾಗಿ ಅಂಟಿಸಿ ಪಬ್ಲಿಷ್ ಒತ್ತಿದಳು.

೬

ಮರುದಿನ ಪರ್ತ್‌ನವರು ತೆಗೆಸಿದರು. ಮೈಥಿಲಿ ಮತ್ತೆ ಹಾಕಿದಳು. ಕ್ಯಾರೋಲ್ ಅವಳನ್ನು ಅಡುಗೆಕೋಣೆಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದಳು.

“ನಿನಗೊಬ್ಬಳಿಗೇ ಸಿಟ್ಟು ಬರುದು ಅಂತ ಉಂಟಾ? ಮಸ್ಕತ್‌ನಲ್ಲಿ ಆರು ವರ್ಷ ನನ್ನ ಪಾಸ್‌ಪೋರ್ಟ್ ಮನೆ ಯಜಮಾನಿಯ ಬೀರುವಿನಲ್ಲಿ ಇತ್ತು. ಅಪ್ಪ ತೀರಿಹೋದಾಗಲೂ ಕೊಡ್ಲಿಲ್ಲ. ನಾನು ಬಾಯಿ ಮುಚ್ಚಿಕೊಂಡೇ ಇಲ್ಲಿವರೆಗೆ ಬಂದದ್ದು. ನೀನೂ ಮುಚ್ಚು.”

ಮೈಥಿಲಿ ಮೆಲ್ಲಗೆ ಕೇಳಿದಳು: “ಆ ಆರು ವರ್ಷನ ಯಾರಾದ್ರೂ ‘ವರ್ಣರಂಜಿತ’ ಅಂತ ಬರೆದ್ರೆ?”

ಕ್ಯಾರೋಲ್ ಸಿಂಕಿನಲ್ಲಿದ್ದ ಕಪ್ಪನ್ನು ತೊಳೆದಿಟ್ಟು ಹೋದಳು.

ಸಂಜೆಯೊಳಗೆ ಪ್ಯಾರಾ ಮತ್ತೆ ಮಾಯವಾಯಿತು. ಮೈಥಿಲಿಗೂ ವೆಸ್ಲಿಗೂ ಪಬ್ಲಿಷ್ ಒತ್ತುವ ಅಧಿಕಾರವೂ ಹೋಯಿತು.

೭

ಅಂತ್ಯಗಳು:

ಅ) ಮೈಥಿಲಿಯ ಕೆಲಸ ಹೋಗುತ್ತದೆ, ನೀವು ಕಣ್ಣೊರೆಸಿಕೊಳ್ಳುತ್ತೀರಿ. ಬೇಡ.

ಆ) ಪರ್ತ್‌ನವರಿಗೆ ಜ್ಞಾನೋದಯವಾಗುತ್ತದೆ. ನಗು ಬರುತ್ತದೆ, ಬೇಡ.

ಇ) ನಡೆದದ್ದು: ಸೋಮವಾರ ಬೆಳಿಗ್ಗೆ ನಾಂತ್ ಪುಟ ತೆರೆದರೆ ಪ್ಯಾರಾ ಅಲ್ಲಿತ್ತು. ಚಿತ್ರವೂ ಇತ್ತು. ಮೈಥಿಲಿ ವೆಸ್ಲಿಯನ್ನು ನೋಡಿದಳು. ಅವನು ಎರಡೂ ಕೈ ಎತ್ತಿ ತಾನಲ್ಲ ಎಂದ. ಅವಳೂ ಅಲ್ಲ. ಮೂರನೆಯವರ ಹೆಸರು ಬರೆಯಲು ಹೋದರೆ ಆಕೆ ನನ್ನನ್ನು ಗದರಿದಳು: “ಬೇಡ. ನನಗೂ ಮನೆ ಸಾಲ ಉಂಟು.”

ಹತ್ತು ಗಂಟೆಗೆ ಪರ್ತ್‌ನಿಂದ ಫೋನು. ಕ್ಯಾರೋಲ್ ಎತ್ತಿದಳು. ಯಾರು ಹಾಕಿದ್ದು ಎಂದು ಆ ಕಡೆಯ ದನಿ ಕೇಳಿದ್ದು ಇಡೀ ಫ್ಲೋರಿಗೆ ಕೇಳಿಸಿತು. ಮೈಥಿಲಿ ಎದ್ದು ನಿಂತಳು. ವೆಸ್ಲಿಯೂ ನಿಂತ. ಕ್ಯಾರೋಲ್ ಇಬ್ಬರಿಗೂ ಕೂರುವಂತೆ ಕೈಸನ್ನೆ ಮಾಡಿ, ರಿಸೀವರನ್ನು ಇನ್ನೊಂದು ಕಿವಿಗೆ ಬದಲಾಯಿಸಿದಳು.

ಅವಳು ಏನು ಹೇಳಿದಳೆಂದು ನನ್ನನ್ನು ಕೇಳಬೇಡಿ. ಇನ್ನೂ ಬಾಯಿ ತೆರೆದಿಲ್ಲ; ಪರ್ತ್ ಲೈನ್‌ನಲ್ಲೇ ಇದೆ.