ಅತ್ತೆಗೆ ಬೇಕಿದ್ದ ಬಿಗಿ

ನಮ್ಮ ಬಳಗದಲ್ಲಿ ಅತ್ತೆಯಿಂದ ಒದೆ ತಿನ್ನದವರು ಯಾರೂ ಇರಲಿಲ್ಲ. ಎದುರಿಗೆ ಕುಳಿತು ಕುಶಲ ವಿಚಾರಿಸುತ್ತಿರುವಾಗಲೇ ಅವಳ ಬಲಗಾಲು, ಒಡತಿಯ ಅಪ್ಪಣೆಗೆ ಕಾಯದೆ, ಬಿಲ್ಲಿನಿಂದ ಬಿಟ್ಟ ಬಾಣದಂತೆ ಚಿಮ್ಮಿ ನಮ್ಮ ಮೊಣಕಾಲಿಗೆ ಬಡಿಯುತ್ತಿತ್ತು. "ನಾನಲ್ಲಪ್ಪ, ಅದು," ಎಂದು ಆಕೆ ಕಾಲಿನತ್ತ ಬೆರಳು ತೋರಿಸಿ, ಮಾತನ್ನು ನಿಲ್ಲಿಸಿದಲ್ಲಿಂದಲೇ ಮುಂದುವರಿಸುವಳು.

ಅತ್ತೆಯೆಂದರೆ ನನ್ನ ತಂದೆಯ ತಂಗಿ. ಕೋಟು ಕತ್ತರಿಸುವುದು ಅವಳ ಕಸುಬು. ಅಂಗಡಿಯಲ್ಲಿ ಹೊಲಿಯುವವರೆಲ್ಲ ಕುಳಿತಿರುತ್ತಿದ್ದರು, ಸೊಂಟದೆತ್ತರದ ಮೇಜಿನ ಮುಂದೆ ಅವಳೊಬ್ಬಳೇ ನಿಂತಿರುತ್ತಿದ್ದಳು. ತುಟಿಗಳ ನಡುವೆ ಸದಾ ಗುಂಡುಸೂಜಿಗಳಿದ್ದುದರಿಂದ ಅವಳ ಮಾತೆಲ್ಲ ಹಲ್ಲಿನ ಸಂದಿಯಲ್ಲಿ ಸೋಸಿ ಬಂದಂತೆ ಚುಟುಕಾಗಿರುತ್ತಿತ್ತು. ಸೂಜಿ ತೆಗೆದಿಟ್ಟ ಮೇಲೂ ಆ ಅಭ್ಯಾಸ ಹೋಗಲಿಲ್ಲ. ತಾನೇ ಹೊಲಿದುಕೊಂಡ ಬೂದುಬಣ್ಣದ ಉದ್ದ ಕೋಟಿನ ತುಂಬ ಜೇಬುಗಳು, ಯಾವ ಜೇಬಿನಲ್ಲಿ ಸೀಮೆಸುಣ್ಣವಿದೆ ಎಂಬುದು ಅವಳಿಗೂ ಗೊತ್ತಿರುತ್ತಿರಲಿಲ್ಲ.

ರಸ್ತೆ ಅಪಘಾತವೊಂದರಲ್ಲಿ ಬೆನ್ನುಹುರಿಗೆ ಪೆಟ್ಟು ಬಿದ್ದ ಮೇಲೆ ಅವಳ ಕಾಲುಗಳು ಕೊರಡಿನಂತೆ ಸೆಟೆದುಕೊಂಡವು. ಆ ಸೆಟೆತದ ಮೇಲೆಯೇ ಭಾರ ಹಾಕಿ, ಗೋಡೆ ಹಿಡಿದು, ಮೇಜಿನ ಅಂಚು ಹಿಡಿದು, ಒಂದರ ಮುಂದೊಂದು ಕಾಲನ್ನು ಕತ್ತರಿಯಂತೆ ತಿರುಚಿ ಹಾಕುತ್ತ ಅವಳು ಮತ್ತೆ ಅಂಗಡಿಗೆ ಬಂದಳು. ಆದರೆ ಸೆಳೆತ ಬಂತೆಂದರೆ ಮುಖ ಸುಣ್ಣದಂತೆ ಬಿಳಿಚಿಕೊಳ್ಳುತ್ತಿತ್ತು. ಬಸ್ಸು ಓಡಿಸಿ ನಿವೃತ್ತನಾಗಿದ್ದ ಮಾವ, ಊಟದ ಹೊತ್ತಿನಲ್ಲೂ ಅವಳ ಪಾದವನ್ನು ಎಡಗೈಯಿಂದ ತನ್ನ ತೊಡೆಯ ಮೇಲೆ ಅದುಮಿ ಹಿಡಿದುಕೊಂಡೇ ಉಣ್ಣುತ್ತಿದ್ದ. ಸೆಳೆತ ತಗ್ಗುವಷ್ಟು ಗುಳಿಗೆ ನುಂಗಿದರೆ ಕಾಲಿಗಿಂತ ಮೊದಲು ತಲೆಯೇ ಮಂಕಾಗುತ್ತಿತ್ತು. ಆ ಮಂಪರಿನಲ್ಲಿ ಒಮ್ಮೆ ಒಂದೇ ಕೋಟಿಗೆ ಎರಡೂ ಎಡತೋಳುಗಳನ್ನು ಕತ್ತರಿಸಿಟ್ಟವಳು ಮತ್ತೆ ಗುಳಿಗೆ ಮುಟ್ಟಲಿಲ್ಲ.

ವೈದ್ಯೆ ಬೇರೊಂದು ದಾರಿ ಹೇಳಿದಳು. ಹೊಟ್ಟೆಯ ಚರ್ಮದಡಿಯಲ್ಲಿ ಅಂಗೈಯೊಳಗೆ ಹಿಡಿಸುವಂಥ ಚಪ್ಪಟೆ ಪಂಪು. ಅದರಿಂದ ಹೊರಟ ನೂಲಿನಂಥ ಕೊಳವೆ ಬೆನ್ನುಹುರಿಯ ಬಳಿಗೇ ಹನಿಹನಿಯಾಗಿ ಔಷಧ ಮುಟ್ಟಿಸುತ್ತದೆ. "ಗುಳಿಗೆ ಅಂದ್ರೆ ಊರಿಗೆಲ್ಲ ಡಂಗುರ ಹೊಡೆದ ಹಾಗೆ. ಇದು ಬೇಕಾದವರ ಕಿವೀಲಿ ಮಾತ್ರ ಹೇಳೋದು," ಎಂದು ವಿವರಿಸಿದಳು.

ಶಸ್ತ್ರಚಿಕಿತ್ಸೆಯಾಯಿತು. ಆಮೇಲೆ ಯಾರಾದರೂ "ತಪ್ಪಾಯ್ತು, ಹೊಟ್ಟೆಗೆ ಹಾಕ್ಕೊಳ್ಳಿ" ಎಂದರೆ ಅತ್ತೆ, "ಜಾಗ ಇಲ್ಲ, ಆಗಲೇ ಒಂದು ಹಾಕ್ಕೊಂಡಿದೀನಿ" ಎನ್ನತೊಡಗಿದಳು. ಕಾಲುಗಳು ಮೆತ್ತಗಾದವು. ಮನೆಗೆ ಬಂದ ದಿನ ಮಧ್ಯಾಹ್ನ ಅವಳು ಮಗುವಿನಂತೆ ನಿದ್ರಿಸಿದಳು; ಮಾವ, ಹಿಡಿಯಲು ಪಾದವಿಲ್ಲದೆ ನಿರುದ್ಯೋಗಿಗಳಾದ ತನ್ನ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ, ಪಕ್ಕದಲ್ಲಿ ಕುಳಿತು ಸದ್ದಿಲ್ಲದೆ ಅತ್ತ.

ಆದರೆ ಅಂಗಡಿಗೆ ಮರಳಿ ಮೇಜಿನೆದುರು ನಿಲ್ಲಹೋದವಳು ನೀರಿನಲ್ಲಿ ಅದ್ದಿದ ಬಟ್ಟೆಯಂತೆ ಕುಸಿದಳು. ಇಷ್ಟು ವರ್ಷ ಅವಳನ್ನು ಕಾಡಿದ ಸೆಟೆತವೇ ಅವಳನ್ನು ನಿಲ್ಲಿಸಿಯೂ ಇತ್ತು. ನೋವು ಹೋಯಿತಲ್ಲ, ಕೂತು ಹೊಲಿ ಎಂದೆವು ನಾವೆಲ್ಲ. "ಹೊಲಿಯೋಕೆ ಕೂರಬಹುದು. ಕತ್ತರಿಸೋಕೆ ಬಟ್ಟೆ ಪೂರ್ತಿ ಕಾಣಬೇಕು," ಎಂದಷ್ಟೇ ಹೇಳಿ ಅವಳು ಗೋಡೆಯ ಕಡೆ ಮುಖ ಮಾಡಿದಳು.

ಮುಂದಿನ ಭೇಟಿಗೆ ನಾನೂ ಜೊತೆಯಲ್ಲಿದ್ದೆ. "ಡಾಕ್ಟ್ರೇ, ನನಗೆ ಸ್ವಲ್ಪ ಬಿಗಿ ವಾಪಸ್ ಕೊಡಿ," ಎಂದಳು ಅತ್ತೆ.

ಮಾವ ತಲೆ ತಗ್ಗಿಸಿದ. "ಇವಳ ಒದ್ದಾಟ ಮತ್ತೆ ನೋಡೋ ಶಕ್ತಿ ನನಗಿಲ್ಲ."

"ನಿಮಗೋಸ್ಕರ ಮಲಗ್ತೀನಿ, ನನಗೋಸ್ಕರ ನಿಲ್ತೀನಿ. ಎರಡೂ ಆಗಲ್ವಾ?" ಎಂದು ಅತ್ತೆ ಕೇಳಿದ್ದು ಅವನನ್ನೋ ವೈದ್ಯೆಯನ್ನೋ ತಿಳಿಯಲಿಲ್ಲ.

"ಆಗತ್ತೆ," ಎಂದಳು ವೈದ್ಯೆ. ಹೊತ್ತಿಗೊಂದು ಪ್ರಮಾಣದಲ್ಲಿ ಔಷಧ ಬಿಡುವ ವಿದ್ಯೆ ಆ ಪಂಪಿಗೆ ಗೊತ್ತಿತ್ತಂತೆ. ಹೊರಗಿನಿಂದಲೇ ಪುಟ್ಟ ಉಪಕರಣವೊಂದನ್ನು ಹೊಟ್ಟೆಯ ಮೇಲೆ ಹಿಡಿದು, ಬೆಳಗಿನ ಪಾಲನ್ನು ಇಳಿಸಿ, ಮಧ್ಯಾಹ್ನದ ನಂತರದ್ದನ್ನು ಹಾಗೆಯೇ ಉಳಿಸಿದಳು. ಹದ ಒಂದೇ ಸಲಕ್ಕೆ ಸಿಗಲಿಲ್ಲ. ಒಮ್ಮೆ ಹೆಚ್ಚಾಗಿ ಕಾಲು ಸೋತಿತು, ಒಮ್ಮೆ ಕಡಿಮೆಯಾಗಿ ಅವಳು ಹಲ್ಲು ಕಚ್ಚಿ ಕುಳಿತಳು. ಪ್ರತಿಸಲವೂ ಮಾವ ಗೊಣಗುತ್ತಲೇ ಆಸ್ಪತ್ರೆಗೆ ಕರೆದೊಯ್ದ.

ಕಡೆಗೊಂದು ಬೆಳಿಗ್ಗೆ ಅವಳು ಉಣ್ಣೆಯ ಬಟ್ಟೆಯನ್ನು ಮೇಜಿನುದ್ದಕ್ಕೂ ಹಾಸಿ, ನಿಂತೇ, ಒಂದು ಕೋಟನ್ನು ಪೂರ್ತಿ ಕತ್ತರಿಸಿದಳು. ಅವಳು ಬಿದ್ದರೆ ಬೇಕಾದೀತು ಎಂದು ಮಾವ ಕುರ್ಚಿಯೊಂದನ್ನು ಎತ್ತಿ ಹಿಡಿದು ಅವಳ ಬೆನ್ನಿಗೇ ನಿಂತಿದ್ದ. "ಕುರ್ಚಿ ಕೆಳಗಿಡಿ. ಬೆಳಕಿಗೆ ಅಡ್ಡ ಬರ್ತಿದೀರ," ಎಂದಳು, ತಿರುಗಿಯೂ ನೋಡದೆ. ಅವನು ಕುರ್ಚಿಯನ್ನು ಕೆಳಗಿಟ್ಟು, ತಾನೇ ಅದರಲ್ಲಿ ಕುಳಿತುಬಿಟ್ಟ.

ನೋವು ನಿರ್ಮೂಲವಾಗಲಿ ಎಂದು ಬೇಡುವವರೇ ಲೋಕದಲ್ಲಿ ಬಹಳ, ಅದು ತಪ್ಪೂ ಅಲ್ಲ. ಆದರೆ ಕಸುಬನ್ನು ದೇಹಕ್ಕಿಂತ ಹೆಚ್ಚು ಪ್ರೀತಿಸುವ ಕೆಲವರಿರುತ್ತಾರೆ. ತಮ್ಮ ಪಾಲಿನ ಕಷ್ಟದಲ್ಲಿ ಎಷ್ಟು ಉಳಿದರೆ ಕೆಲಸ ಸಾಗೀತು ಎಂದು ಅಂದಾಜು ಮಾಡಿ, ಅಷ್ಟನ್ನು ಅವರು ಸಂಕೋಚವಿಲ್ಲದೆ ಕೇಳಿ ಪಡೆಯುತ್ತಾರೆ. ಅಂಥವರನ್ನು ಪ್ರೀತಿಸುವವರ ಪಾಡು ಮಾತ್ರ ಸುಲಭದ್ದಲ್ಲ. ಎರಡೂ ಕೈ ಚಾಚಿ ಹಿಂದೆ ನಿಂತಿರಬೇಕು, ಮುಟ್ಟಬಾರದು.