ಕಂದು ಗೆರೆ ಬಿಡಿಸಿದ ಹಲ್ಲು

ಯೇವಲೆಯ ಪೈಠಣಿ ಸೀರೆ ಅಂಗಡಿಯಲ್ಲಿ ನವಿಲಿನ ಸೆರಗನ್ನು ಹೆಗಲ ಮೇಲೆ ಹಾಕಿಕೊಂಡ ರುಚಿತಾ ಕನ್ನಡಿಯಲ್ಲಿ ತನ್ನನ್ನು ತಾನೇ ನೋಡಿ ನಕ್ಕುಬಿಟ್ಟಳು. ಹಿಂದೆ ನಿಂತಿದ್ದ ಅತ್ತೆ ವಸುಧಾ ಸೀರೆ ನೋಡಲಿಲ್ಲ, ಹಲ್ಲು ನೋಡಿದರು.

"ಸೀರಿ ಛಲೋ ಒಪ್ಪೇದ. ಆದ್ರ ಈ ಹಲ್ಲಿಂದು ಏನರೆ ಮಾಡಬೇಕಲ್ಲ ರುಚಿತಾ. ಮದುವಿ ವಿಡಿಯೋದಾಗ ನಾವಿಬ್ಬರೂ ಚಹಾ ಕುಡದಿಟ್ಟ ಕಪ್ಪಿನ್ಹಂಗ ಕಾಣತೇವಿ."

ಮದುವೆ ನಾದಿನಿ ಪ್ರಜ್ಞಾಳದು. ಅವಳು ಆಗಲೇ ಫೋನ್ ತೆಗೆದಿದ್ದಳು. "ವೈನಿ, ಮೂರು ಆಪ್ಷನ್ ಅವ ನೋಡ್ರಿ. ಹಲ್ಲಿಗೆ ಅಂಟಿಸೋ ಪಟ್ಟಿ, ಇದ್ದಲಿ ಪುಡಿ, ಇಲ್ಲಾಂದ್ರ ಕ್ಲಿನಿಕ್ಕಿನಾಗ ಜೆಲ್ ಹಚ್ಚಿ ಲೈಟ್ ಬಿಡತಾರ. ಲೈಟಿಂದು ಏಕದಂ ಭಾರೀ. ಮದುವಿ ಮುಂಚಿನ ಸಂಗೀತದ ದಿನ ಡಿಜೆ ಲೈಟ್ ಮಿಣಮಿಣ ಅಂತಿರತದ, ಅದರಾಗ ಬಿಳೀ ಹಲ್ಲು ಹೆಂಗ ಹೊಳೀತಾವ ಗೊತ್ತದನ?"

ರುಚಿತಾಳ ಬಾಯಿ ತಾನಾಗಿ ಮುಚ್ಚಿಕೊಂಡಿತು.

ಅವಳ ಹಲ್ಲಿನ ಮೇಲೆ ಕಂದು ಗೆರೆಗಳಿರುವುದು ಎಲ್ಲರಿಗೂ ಗೊತ್ತು. ಚಿಕ್ಕಂದಿನಲ್ಲಿ ಗದಗಿನ ಕಡೆ ಅಜ್ಜಿಯ ಊರಲ್ಲಿ ಬೆಳೆದವಳು. ಅಲ್ಲಿ ಬೋರ್‌ವೆಲ್ ನೀರು ಕುಡಿದ ಮಕ್ಕಳ ಹಲ್ಲೆಲ್ಲ ಹಾಗೇ. ಹೆಣ್ಣು ನೋಡಲು ನಾಸಿಕದ ಅವಳ ತವರಿಗೆ ಬಂದಾಗ ಮಾವ ರಘೋತ್ತಮ, "ನಮ್ಮ ಕಡೆ ನೀರಿನ ಗುರ್ತು" ಎಂದು ನಕ್ಕು ಬಿಟ್ಟಿದ್ದರು. ಬ್ಯಾಂಕಿನ ವರ್ಗಾವಣೆಯಲ್ಲಿ ಊರೂರು ತಿರುಗಿ ಮಹಾರಾಷ್ಟ್ರದ ಸಂಭಾಜಿನಗರಕ್ಕೆ ಬಂದು ನೆಲೆನಿಂತ ಮನುಷ್ಯ, ಆ ಗೆರೆಗಳಲ್ಲಿ ಊರನ್ನೇ ಕಂಡಿದ್ದರು.

ಆದರೆ ಮುಂದಿನ ಎರಡು ಹಲ್ಲುಗಳಲ್ಲಿ ಒಂದು ಆ ನೀರಿನದಲ್ಲ. ಅದು ಕ್ಯಾಪ್.

ಕಾಲೇಜಿಗೆ ಹೋಗುವಾಗ ನಾಸಿಕದ ಮನೆಯ ಬಚ್ಚಲಲ್ಲಿ ಅವಳಿಗೆ ಫಿಟ್ಸ್ ಬಂದಿತ್ತು. ಬಿದ್ದಾಗ ನಳಕ್ಕೆ ಬಡಿದು ಹಲ್ಲು ಮುರಿಯಿತು. ಬಿಳಿ ಕ್ಯಾಪ್ ಕೂರಿಸಿದರೆ ಅದೊಂದೇ ಎದ್ದು ಕಾಣುತ್ತಿತ್ತು, ಅದಕ್ಕೇ ಡೆಂಟಿಸ್ಟ್ ಪಕ್ಕದ ಹಲ್ಲನ್ನು ನೋಡಿ ನೋಡಿ ಕ್ಯಾಪಿನ ಮೇಲೂ ಕಂದು ಗೆರೆ ಬಿಡಿಸಿ ಕೊಟ್ಟಿದ್ದ. ವರ್ಷಗಟ್ಟಲೆ ಗುಳಿಗೆ ನಡೆಯಿತು. ನಿಂತಿತು. ಫಿಟ್ಸ್ ಮತ್ತೆ ಬರಲಿಲ್ಲ. ಅವಳ ಮದುವೆಯ ದಿಬ್ಬಣ ಹೊರಡುವ ಮುಂಚೆ ಅಮ್ಮ ಕಿವಿಯಲ್ಲಿ ಹೇಳಿದ್ದಳು, "ಆ ವಿಷಯ ಬಾಯಿ ಬಿಡಬ್ಯಾಡ. ಹಲ್ಲು ಹೆಂಗ ಮುರೀತು ಅಂತ ಕೇಳಿದ್ರ ಎಲ್ಲಾ ಹೊರಗ ಬರತದ. ತಿರುಗಿ ಕಳಿಸಿಬಿಡತಾರ."



ಸಂಭಾಜಿನಗರಕ್ಕೆ ಬರುವ ದಾರಿಯುದ್ದಕ್ಕೂ ಕಾರಿನ ಹಿಂದಿನ ಸೀಟಿನಲ್ಲಿ ಫೋನನ್ನು ಎದೆಗೆ ಹತ್ತಿರ ಹಿಡಿದು ಓದಿದಳು. ಪಟ್ಟಿ ಅಂಟಿಸಿದರೆ ಸ್ವಂತ ಹಲ್ಲು ಬೆಳ್ಳಗಾಗುತ್ತವೆ, ಕ್ಯಾಪ್ ಇದ್ದ ಬಣ್ಣದಲ್ಲೇ ಉಳಿಯುತ್ತದೆ. ಜೆಲ್ ಮತ್ತು ಲೈಟು, ಅದೂ ಅಷ್ಟೇ. ಸುತ್ತ ಬಿಳಿ, ನಡುವೆ ಗೆರೆ ಗೆರೆಯ ಒಂದು ಹಲ್ಲು! ಅದೊಂದು ಹಲ್ಲೇ ಎಲ್ಲರಿಗೂ ಹೇಳಿಬಿಡುತ್ತದೆ. ಉಳಿದದ್ದು ಇದ್ದಿಲ ಪುಡಿ. ಅದು ಮೇಲಿನ ಕೊಳೆ ಉಜ್ಜುತ್ತದೆ, ಬಣ್ಣ ಬದಲಿಸುವುದಿಲ್ಲ ಎಂದು ಯಾರೋ ಬೈದು ಬರೆದಿದ್ದರು. ಏನೂ ಕೆಲಸ ಮಾಡದ ಉಪಾಯವೇ ಅವಳಿಗೆ ಬೇಕಿತ್ತು.

"ನನಗ ಪುಡಿ ಸಾಕ್ರಿ ಅತ್ತಿ," ಎಂದಳು.

ಮರುದಿನದಿಂದ ಬೇಸಿನ್ನೆಲ್ಲ ಕಪ್ಪು. ಶೇಂದ್ರಾದ ಕಾರ್ಖಾನೆಗೆ ಹೊರಟಿದ್ದ ಗಂಡ ಉತ್ಕರ್ಷ ಬಗ್ಗಿ ನೋಡಿ, "ಇದೇನ, ಬಾಯಾಗ ಒಲಿ ಹಚ್ಚೀ ಏನು?" ಎಂದ. ಅವಳು ನಗಲಿಲ್ಲ. ಅವನು ಹೋದ ಮೇಲೆ ಫೋನಿನ ಟಾರ್ಚ್ ಬಿಟ್ಟು ತುಟಿ ಎತ್ತಿ ನೋಡಿಕೊಂಡಳು. ಪಕ್ಕದ ಹಲ್ಲು ತಿಳಿಯಾಯಿತೇ? ಕ್ಯಾಪ್ ಬೇರೆಯಾಗಿ ಕಾಣುತ್ತಿದೆಯೇ? ನೋಡಿದಷ್ಟೂ ಕಾಣುತ್ತಿತ್ತು. ಊಟಕ್ಕೆ ಕೂತಾಗ ಯಾರಾದರೂ ಮುಖದತ್ತ ನೋಡಿದರೆ ತುಟಿ ಮುಚ್ಚಿ ತಲೆ ತಗ್ಗಿಸುತ್ತಿದ್ದಳು. ಮಾತು ಕಡಿಮೆ ಮಾಡಿದಳು. ನಗುವುದನ್ನಂತೂ ಬಿಟ್ಟೇಬಿಟ್ಟಳು.

ಅದೇ ಮುಳುವಾಯಿತು. "ಹುಡುಗಿ ಹಲ್ಲಿನ ಚಿಂತಿ ಮಾಡಿ ಮಾಡಿ ಸೊರಗ್ಯಾಳ," ಎಂದುಕೊಂಡ ವಸುಧಾ, ಒಂದು ಬೆಳಿಗ್ಗೆ ಉಪ್ಪಿಟ್ಟು ಬಡಿಸುತ್ತಲೇ ಹೇಳಿದರು, "ಸಿಡ್ಕೋ ಬಡಾವಣಿಯಾಗ ಹಲ್ಲಿನ ಡಾಕ್ಟರ್ ಮಧುರಾ ಅಂತ ಇದ್ದಾರ. ಇಬ್ಬರದೂ ಹೇಳಿಟ್ಟೇನಿ. ಇವತ್ತ ಲೈಟ್ ಬಿಡಸ್ಕೊಂಡು ಬರೋಣ ನಡಿ."

"ಅತ್ತಿ, ಪುಡಿ ನಡದದಲ್ಲ..."

"ಪುಡಿ ಹಚ್ಚಿ ನನ್ನ ಬೇಸಿನ್ ಹಾಳಾತು, ಹಲ್ಲಲ್ಲ. ನಡಿ."

ಕ್ಲಿನಿಕ್ಕಿನ ಕುರ್ಚಿ ಹಿಂದಕ್ಕೆ ವಾಲಿತು. ತಲೆಯ ಮೇಲೆ ದೀಪ. ಅತ್ತೆ ಅವಳ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಪಕ್ಕದ ಸ್ಟೂಲಿನಲ್ಲೇ ಕೂತರು.

"ಕ್ಯಾಪ್, ಫಿಲ್ಲಿಂಗ್, ಕಾಹೀ ಆಹೇ ಕಾ?" ಏನಾದರೂ ಹಾಕಿಸಿದ್ದಿದೆಯೇ ಎಂದು ಡಾಕ್ಟರ್ ಮರಾಠಿಯಲ್ಲಿ ಕೇಳಿದರು.

ಸೊಸೆ ಬಾಯಿ ತೆರೆಯುವ ಮೊದಲೇ ಅತ್ತೆ ಉತ್ತರ ಕೊಟ್ಟರು. "ಕಾಹೀ ನಾಹೀ, ಏನೂ ಇಲ್ಲ. ನಮ್ಮ ಹುಡುಗಿಗೆ ನೆಗಡಿ ಸೈತ ಬರಂಗಿಲ್ಲ." ಹೆಮ್ಮೆಯಲ್ಲಿ ಮರಾಠಿ ಕನ್ನಡವಾಗಿದ್ದು ಅವರಿಗೆ ಗೊತ್ತೇ ಆಗಲಿಲ್ಲ.

ಪುಟ್ಟ ಕನ್ನಡಿ ಒಳಗೆ ಹೋಯಿತು. ಮುಂದಿನ ಹಲ್ಲಿನ ಹಿಂದೆ ನಿಂತಿತು. ಅಲ್ಲೇ ನಿಂತಿತು. ಡಾಕ್ಟರ್ ರುಚಿತಾಳ ಕಣ್ಣು ನೋಡಿದರು. ಆ ಕಣ್ಣಲ್ಲಿ ಏನಿತ್ತೋ, ಅತ್ತೆಯ ಕಡೆ ತಿರುಗಿ, ಸ್ವಲ್ಪ ಹೊರಗೆ ಕೂರುತ್ತೀರಾ ಕಾಕೂ, ಇಲ್ಲಿ ಜಾಗ ಸಾಲದು ಎಂದರು.

ಬಾಗಿಲು ಮುಚ್ಚಿತು.

"ಈ ಗೆರೆ ಬಿಡಿಸಿದವರ ಕೈಚಳಕ ದೊಡ್ಡದು," ಎಂದು ಡಾಕ್ಟರ್ ಮೆಲ್ಲಗೆ ಮರಾಠಿಯಲ್ಲಿ ಹೇಳಿದರು. "ಮನೆಯಲ್ಲಿ ಗೊತ್ತಿಲ್ಲವಾ?"

ರುಚಿತಾ ತಲೆ ಅಲ್ಲಾಡಿಸಿದಳು. "ಹೇಳಬೇಡಿ ಮ್ಯಾಡಂ. ಪ್ಲೀಸ್."

"ನಾನ್ಯಾಕೆ ಹೇಳಲಿ? ಇಂಥ ಕಲೆಗೆ ಲೈಟ್ ಸರಿ ಹೋಗುವುದಿಲ್ಲ ಅಂತ ಕಳಿಸಿಬಿಡುತ್ತೇನೆ. ಅದು ಸುಳ್ಳೂ ಅಲ್ಲ. ಆದರೆ ಇನ್ನೊಂದು ಕೇಳಬೇಕು, ಎಲ್ಲರನ್ನೂ ಕೇಳುತ್ತೇನೆ. ಯಾವಾಗಲಾದರೂ ಫಿಟ್ಸ್ ಬಂದಿತ್ತಾ?"

ತಪ್ಪಿಸಿಕೊಳ್ಳುವ ದಾರಿ ಎದುರಿಗೇ ತೆರೆದಿತ್ತು. ಇಲ್ಲ ಎಂದರೆ ಮುಗಿಯಿತು, ಎದ್ದು ಮನೆಗೆ ಹೋಗಬಹುದು. ಆದರೆ ಹೋದ ಮೇಲೆ? ಸಂಗೀತದ ದಿನ ಬರುತ್ತದೆ. ಮಿಣಮಿಣ ಬೆಳಕಿನಿಂದ, ನಿದ್ದೆಗೇಡಿನಿಂದ ದೂರ ಇರು ಎಂದು ನಾಸಿಕದ ಡಾಕ್ಟರು ಗುಳಿಗೆ ನಿಲ್ಲಿಸುವಾಗ ಹೇಳಿದ್ದರು. ಮದುವೆ ಮನೆಯಲ್ಲಿ ನಿದ್ದೆ ಎಲ್ಲಿ? ಆ ಬೆಳಕಿನ ಕೆಳಗೆ, ಇನ್ನೂರು ಜನರ ನಡುವೆ, ನವಿಲಿನ ಪೈಠಣಿ ಉಟ್ಟು ನೆಲಕ್ಕೆ ಬಿದ್ದು ಒದ್ದಾಡುವ ತನ್ನ ಕಾಲುಗಳು ಅವಳಿಗೆ ಕಂಡವು. ಯಾಕೆ ಬಿದ್ದಳೆಂದು ಆಗ ಅಲ್ಲಿ ಒಬ್ಬರಿಗೂ ತಿಳಿಯುವುದಿಲ್ಲ.

ಇದರ ಮುಂದೆ ಹಲ್ಲು ಏನೂ ಅಲ್ಲ.

"ಅವರನ್ನ ಒಳಗೆ ಕರೀರಿ," ಎಂದಳು. ದನಿ ತನ್ನದೇ ಎನಿಸಲಿಲ್ಲ.

ಅತ್ತೆ ಚೀಲ ಹಿಡಿದುಕೊಂಡೇ ಬಂದರು. ರುಚಿತಾ ಅವರ ಮುಖ ನೋಡದೆ, ಚೀಲದ ಜಿಪ್ಪು ನೋಡುತ್ತ ಎಲ್ಲ ಹೇಳಿದಳು. ಬಚ್ಚಲು, ನಳ, ಗುಳಿಗೆ, ಕ್ಯಾಪ್. ಅಮ್ಮ ಹೇಳಿದ ಮಾತೂ.

ವಸುಧಾ ನಿಂತೇ ಇದ್ದರು. "ಉತ್ಕರ್ಷಗ?"

"ಗೊತ್ತಿಲ್ರಿ."

"ನಾನೇ ಡಾಕ್ಟರ ಮುಂದ ನೆಗಡಿ ಬರಂಗಿಲ್ಲ ಅಂತ ಹೇಳ್ಕೊಂಡೆ."

ತಮ್ಮ ಚೀಲದಿಂದ ಫೋನ್ ತೆಗೆದು ಅತ್ತೆ ನಂಬರ್ ಒತ್ತಿದರು. ನಾಸಿಕಕ್ಕೇ, ಅಮ್ಮನಿಗೇ ಇರಬೇಕು ಎಂದುಕೊಂಡಳು ರುಚಿತಾ.

"ಪ್ರಜ್ಞಾ, ಆ ಡಿಜೆದವಗ ಫೋನ್ ಮಾಡು. ಮಿಣಮಿಣ ಲೈಟ್ ಬ್ಯಾಡ ಅಂತ ಹೇಳು. ... ಯಾಕಂದ್ರ? ನನಗ ತಲಿ ತಿರಗತದ, ಅದಕ್ಕ. ... ಹೊಳೀಲಿಲ್ಲಂದ್ರ ಬಿಡು, ನಿನ್ನ ಹಲ್ಲು ಯಾರೂ ತಿನ್ನಂಗಿಲ್ಲ."

ಫೋನ್ ಒಳಗಿಟ್ಟು ಸೊಸೆಯ ಕಡೆ ತಿರುಗಿದರು. ಮುಖದಲ್ಲಿ ಸಿಟ್ಟು ಹಾಗೇ ಇತ್ತು. "ಸಂಜೀಕ ಉತ್ಕರ್ಷ ಬಂದಮ್ಯಾಲೆ ನೀನ ಹೇಳಬೇಕು. ನಾ ಬಾಜೂಕ ಕೂಡತೇನಿ. ನಿಮ್ಮವ್ವನ ಕೂಡ ನಾ ಬ್ಯಾರೆ ಮಾತಾಡಾಕಿ ಇದ್ದೇನಿ, ಅದನ್ನ ಮರತೇನಿ ಅಂತ ತಿಳೀಬ್ಯಾಡ. ಈಗ ಏಳು. ಅಪಾಯಿಂಟ್ಮೆಂಟ್ ತಗೊಂಡದ್ದು ಯಾಕ ಹಾಳು ಮಾಡೂದು, ನಂದರೆ ಆಗಲಿ."

ರುಚಿತಾ ಎದ್ದಳು. ಅತ್ತೆ ಒಂದೊಂದೇ ಕಾಲೆತ್ತಿ ಕುರ್ಚಿಯ ಮೇಲೆ ಒರಗಿ, ಎರಡೂ ಚೀಲಗಳನ್ನು ಅವಳ ಕೈಗೆ ಕೊಟ್ಟರು.

"ನೀ ಹೊರಗ ಕೂಡು. ಬಾಗಿಲ ಕಡೆ ಬೆನ್ನ ಮಾಡಿ ಕೂಡು."

ಹೊರಗಿನ ಬೆಂಚಿನಲ್ಲಿ ಅವಳು ಗೋಡೆಗೆ ಮುಖ ಮಾಡಿ ಕೂತಳು. ಬಾಗಿಲ ಸಂದಿಯಿಂದ ಬಂದ ನೀಲಿ ಬೆಳಕು ಗೋಡೆಯ ಮೇಲೆ ಬಿತ್ತು. ಮಿಣುಕುತ್ತಿರಲಿಲ್ಲ, ಸುಮ್ಮನೆ ಬಿದ್ದಿತ್ತು. ಆದರೂ ಅವಳು ಕಣ್ಣು ಮುಚ್ಚಿಕೊಂಡಳು. ಉತ್ಕರ್ಷನಿಗೆ ಯಾವ ಮಾತಿನಿಂದ ಶುರು ಮಾಡುವುದೆಂದು ಹುಡುಕುತ್ತ, ಎರಡೂ ಚೀಲಗಳನ್ನು ಹೊಟ್ಟೆಗೆ ಒತ್ತಿ ಹಿಡಿದಳು.