ಸೈಡ್ ಸ್ಟ್ಯಾಂಡಿನ ಬೆಸುಗೆ

ಕಾಡುಮೇಡು ಸುತ್ತುವ ಹಳೇ ಬೈಕುಗಳ ವ್ಯಾಪಾರದಲ್ಲಿ ಅವಳಿಗೆ ಎಲ್ಲರೂ ಇಟ್ಟ ಹೆಸರು ಮ್ಯಾಗ್ನೆಟ್. ಕರ್ಚೀಫಿನಲ್ಲಿ ಸುತ್ತಿದ ಪುಟ್ಟ ಅಯಸ್ಕಾಂತವೊಂದು ಸದಾ ಅವಳ ಜೇಬಿನಲ್ಲಿರುತ್ತಿತ್ತು. ಅದನ್ನು ಪೆಟ್ರೋಲ್ ಟ್ಯಾಂಕಿನ ಮೇಲೆ ಮೆಲ್ಲಗೆ ಎಳೆದರೆ ತಗಡು ಇದ್ದಲ್ಲಿ ಕಚ್ಚಿಕೊಳ್ಳುತ್ತದೆ, ಬಣ್ಣದ ಅಡಿಯಲ್ಲಿ ತಗ್ಗು ಮುಚ್ಚಲು ಪುಟ್ಟಿ ಮೆತ್ತಿದ್ದರೆ ಜಾರುತ್ತದೆ. ಅದು ಜಾರಿತೋ, ಅಲ್ಲಿಯವರೆಗೆ ಬಾಯಿಗೆ ಬಂದಷ್ಟು ಬೆಲೆ ಹೇಳುತ್ತಿದ್ದ ಮಾರಾಟಗಾರನ ಮುಖ ಇಂಗು ತಿಂದ ಮಂಗನಂತಾಗುತ್ತಿತ್ತು. ಕೊಳ್ಳುವವರೂ ಮಾರುವವರೂ ಕೊನೆಗೆ ಅವಳು ಹೇಳಿದ್ದಕ್ಕೇ ಒಪ್ಪುತ್ತಿದ್ದರು.

ಈಗ ಅವಳು ಬೆಲೆ ಕಟ್ಟಬೇಕಾಗಿದ್ದದ್ದು ತನ್ನ ಗಂಡನ ಬೈಕಿಗೆ. ಅವನು ಹೋಗಿ ಎರಡು ತಿಂಗಳಾಗಿತ್ತು. ಬೈಕಿನಿಂದ ಬಿದ್ದು ಹೋದವನಲ್ಲ. ಎಷ್ಟೋ ಗುಡ್ಡಗಳಿಂದ ಉರುಳಿಬಿದ್ದೂ ಮೈ ಕೊಡವಿಕೊಂಡು ಎದ್ದು ಬಂದಿದ್ದವನು, ಊಟ ಮುಗಿಸಿ ಕೈ ತೊಳೆಯಲು ಹೋಗಿ ಅಲ್ಲೇ ಕುಸಿದ. ಹೃದಯ ನಿಂತಿದೆ ಎಂದರು ಆಸ್ಪತ್ರೆಯವರು. ಅವಳು ಅಳಲಿಲ್ಲ. ಆ ದಿನವೂ ಇಲ್ಲ, ಆಮೇಲೂ ಇಲ್ಲ. ಒಳಗೆಲ್ಲ ಜೋಮು ಹಿಡಿದಂತಿತ್ತು. ಮಾತಾಡಿಸಿದರೆ ಮಾತಾಡುತ್ತಿದ್ದಳು, ತಟ್ಟೆ ಇಟ್ಟರೆ ತಿನ್ನುತ್ತಿದ್ದಳು. ಕಲ್ಲೆದೆಯವಳು ಎಂದು ನೆಂಟರು ಗುಸುಗುಸು ಮಾತಾಡಿಕೊಂಡರು. ಅತ್ತೆ ಮಾತ್ರ ತುಟಿ ಪಿಟಕ್ಕೆನ್ನದೆ ಸೊಸೆಯನ್ನೇ ನೋಡುತ್ತಿದ್ದರು.

ಶೆಡ್ಡು ಬಾಡಿಗೆಯದು, ಖಾಲಿ ಮಾಡಬೇಕಿತ್ತು. ಗಂಡ ಜೀವಮಾನವಿಡೀ ಕೂಡಿಟ್ಟ ಬಿಡಿಭಾಗಗಳನ್ನೆಲ್ಲ ಅವಳು ಒಂದೊಂದಾಗಿ ಮಾರಿದಳು. ಕಾರ್ಬೊರೇಟರುಗಳು ಹೋದವು, ಚಕ್ರದ ರಿಮ್ಮುಗಳು ಹೋದವು, ಹಳೇ ಬಟ್ಟೆಯಲ್ಲಿ ಮಗುವಿನಂತೆ ಸುತ್ತಿಟ್ಟಿದ್ದ ಸೈಲೆನ್ಸರೂ ಹೋಯಿತು. ಎಲ್ಲಕ್ಕೂ ಸರಿಯಾದ ಬೆಲೆಯೇ ಬಂತು, ಯಾವುದೂ ನೋಯಲಿಲ್ಲ. ಅವನ ಪ್ರಾಣವೇ ಆಗಿದ್ದ ಬೈಕೊಂದನ್ನು ಮಾತ್ರ ಅವಳು ಬೇಕೆಂದೇ ಕೊನೆಗೆ ಉಳಿಸಿಕೊಂಡಿದ್ದಳು. ಅದು ಹೋಗುವಾಗಲಾದರೂ ಎಲ್ಲೋ ಚುರುಕ್ಕೆನ್ನಬೇಕು. ಅದೂ ಆಗದಿದ್ದರೆ ನೆಂಟರು ಹೇಳಿದ್ದೇ ನಿಜವೆಂದು ಒಪ್ಪಿಕೊಂಡುಬಿಡುವುದು ಎಂದು ನಿರ್ಧರಿಸಿದ್ದಳು.

ಕೊಳ್ಳಲು ಬಂದವರು ಹಲ್ಲಿನ ಡಾಕ್ಟರು. ಹಳೇ ಬೈಕುಗಳ ಹುಚ್ಚು ಹಿಡಿದ ಮನುಷ್ಯ. ಬಾಯೊಳಗೆ ಇಣುಕುವ ಪುಟ್ಟ ಕನ್ನಡಿಯಲ್ಲೇ ಇಂಜಿನ್ನಿನ ಸಂದಿಗೊಂದಿಗಳನ್ನೂ ನೋಡುತ್ತಿದ್ದರು. ಆ ಕನ್ನಡಿ ಮತ್ತೆ ಯಾರ ಬಾಯಿಗೆ ಹೋಗುತ್ತದೋ ಎಂದು ಗಂಡ ನಗುತ್ತಿದ್ದ. ಡಾಕ್ಟರು ಬರುವಾಗಲೇ ಪಿಕಪ್ ವ್ಯಾನನ್ನೂ ಕರೆತಂದಿದ್ದರು. ನೀವೇ ನೋಡಿ ನೀವೇ ಬೆಲೆ ಹೇಳಿ, ನಾನು ಚೌಕಾಸಿ ಮಾಡುವುದಿಲ್ಲ ಎಂದರು.

ಅವಳು ಎಂದಿನಂತೆ ಹಿಂದಿನಿಂದಲೇ ಶುರುಮಾಡಿದಳು. ಮಾರುವವರು ಮುಂಭಾಗವನ್ನೇ ಉಜ್ಜಿ ಹೊಳೆಸುತ್ತಾರೆ, ಹಿಂಭಾಗ ಸುಳ್ಳು ಹೇಳುವುದಿಲ್ಲ. ನೆಲದ ಮೇಲೆ ತನ್ನ ಫೋಮಿನ ತುಂಡು ಹಾಕಿ ಅದರ ಮೇಲೆ ಮಂಡಿಯೂರಿದಳು. ಚಾಸಿಯ ನಂಬರಿಗೂ ಇಂಜಿನ್ನಿನ ನಂಬರಿಗೂ ತಾಳೆಯಾಯಿತು. ಟ್ಯಾಂಕಿನ ಮೇಲೆ ಅಯಸ್ಕಾಂತ ಎಲ್ಲೂ ಜಾರಲಿಲ್ಲ. ಬಣ್ಣ ಕಾರ್ಖಾನೆಯದೇ. ಎರಡೂ ಪಕ್ಕ ಗಂಡನ ಮೊಣಕಾಲು ತಾಗಿ ತಾಗಿ ಬಣ್ಣ ಸವೆದು ತಗಡು ಕಾಣುತ್ತಿತ್ತು. ಇಂಥ ಸವೆತಕ್ಕೆ ಬೆಲೆ ಹೆಚ್ಚು, ಹೊಸ ಬಣ್ಣ ಬಳಿದರೆ ಅರ್ಧಕ್ಕರ್ಧ ಬಿದ್ದುಹೋಗುತ್ತದೆ ಎಂದು ಡಾಕ್ಟರಿಗೆ ಹೇಳಿದಳು. ಹೇಳುವಾಗ ಆ ಮೊಣಕಾಲುಗಳು ಅವಳ ಕಣ್ಣಿಗೆ ಕಟ್ಟಿದವು. ಆದರೂ ಏನೂ ಆಗಲಿಲ್ಲ.

ಸೈಡ್ ಸ್ಟ್ಯಾಂಡಿನ ನಡುವೆ ಬೆಸುಗೆಯ ಗುರುತಿತ್ತು. ಮುರಿದು ಬೆಸೆದದ್ದು, ಬೆಲೆ ಸ್ವಲ್ಪ ಇಳಿಸಬೇಕು ಎಂದಳು. ಹಿಂದಿನ ಶಾಕ್ ಅಬ್ಸಾರ್ಬರುಗಳು ಈ ಬೈಕಿನವೇ ಅಲ್ಲ, ಗಿಡ್ಡವು. ಇನ್ನೂ ಇಳಿಸಬೇಕು. ಎದ್ದು ಸೀಟನ್ನು ಅಂಗೈಯಿಂದ ಒತ್ತಿದಳು. ಮೇಲಿನ ಹೊದಿಕೆ ಹಳೆಯದೇ, ಆದರೆ ಕೈಗೆ ಬೇಗನೆ ತಳ ಸಿಕ್ಕಿತು. ಹೊದಿಕೆಯ ಅಂಚು ಬಿಡಿಸಿ ನೋಡಿದರೆ ಒಳಗಿನ ಫೋಮನ್ನು ಉದ್ದಕ್ಕೆ ಕೊಯ್ದು ತೆಗೆದಿದ್ದರು.

ಅವಳಿಗೆ ಕೋಪ ಬಂತು. ಎರಡು ತಿಂಗಳಲ್ಲಿ ಮೊದಲ ಸಲ ಏನೋ ಒಂದು ಬಂದಿತ್ತು, ಅದೂ ವ್ಯಾಪಾರದ ಕೋಪ. ಕಾರ್ಖಾನೆಯ ಸೀಟು ಈಗ ಹುಡುಕಿದರೂ ಸಿಗುವುದಿಲ್ಲ. ಹೆಂಡತಿಗೆ ಕೂರಲು ಸುಲಭವಾಗಲೆಂದು ಗೆಳೆಯನೊಬ್ಬ ಇಂಥದೇ ಸೀಟು ಕೊಯ್ಯಿಸಿದ್ದಕ್ಕೆ ಗಂಡ ಅವನ ಜತೆ ಮಾತು ಬಿಟ್ಟಿದ್ದ. ಹೆಂಡತಿ ಮೇಲೆ ಪ್ರೀತಿ ಇದ್ದರೆ ಅವಳಿಗೆ ಬೇರೆ ಬೈಕು ಕೊಡಿಸಲಿ, ಹಳೆಯದರ ಕತ್ತು ಯಾಕೆ ಕೊಯ್ಯಬೇಕು ಎಂದು ಊರೆಲ್ಲ ಕೂಗಾಡಿದ್ದ. ಅಂಥವನ ಶೆಡ್ಡಿಗೆ ನುಗ್ಗಿ ಈ ಕೆಲಸ ಮಾಡಿದವರು ಯಾರು? ಅವಳು ಖಾಲಿ ಕಪಾಟುಗಳಲ್ಲೆಲ್ಲ ತಡಕಾಡಿದಳು. ಕೊಯ್ದ ತುಂಡು ಎಲ್ಲೂ ಇರಲಿಲ್ಲ.

ಅಷ್ಟರಲ್ಲಿ ಡಾಕ್ಟರು ಬಗ್ಗಿ ತಮ್ಮ ಕನ್ನಡಿಯನ್ನು ಸ್ಟ್ಯಾಂಡಿನ ಹಿಂದೆ ಹಿಡಿದಿದ್ದರು.

"ಇದು ಮುರಿದಿದ್ದಲ್ಲ ಮೇಡಂ," ಎಂದರು. "ಬೇಕು ಅಂತ್ಲೇ ಕತ್ತರಿಸಿ ಗಿಡ್ಡ ಮಾಡಿದ್ದಾರೆ. ಬೈಕ್ ತಗ್ಗಿಸಿದ್ರೆ ಸ್ಟ್ಯಾಂಡೂ ತಗ್ಗಿಸ್ಬೇಕಲ್ವಾ. ಯಾರೋ ಕುಳ್ಳಗಿರೋರು ಓಡಿಸ್ಲಿ ಅಂತ ಮಾಡಿರೋ ಹಾಗಿದೆ."

ಇದು ಅವಳಿಗೆ ಯಾರಾದರೂ ಹೇಳಿಕೊಡಬೇಕಾದ ಪಾಠವಲ್ಲ. ಬೇರೆ ಯಾರದೇ ಬೈಕಾಗಿದ್ದರೂ ಸ್ಟ್ಯಾಂಡು, ಶಾಕು, ಸೀಟು ಮೂರನ್ನೂ ಒಟ್ಟಿಗೆ ನೋಡಿ ಕಣ್ಣು ಮಿಟುಕಿಸುವುದರೊಳಗೆ ಹೇಳಿಬಿಡುತ್ತಿದ್ದಳು. ಅವಳು ಮತ್ತೆ ಬಗ್ಗಿ ನೋಡಿದಳು. ಬೆಸುಗೆ ಸಣ್ಣದಾಗಿ, ಒತ್ತೊತ್ತಾಗಿ, ಅಚ್ಚುಕಟ್ಟಾಗಿತ್ತು. ಅಂಥ ಬೆಸುಗೆ ಹಾಕುವ ಕೈ ಅವಳಿಗೆ ಗೊತ್ತಿದ್ದದ್ದು ಒಂದೇ.

ಮದುವೆಯಾದ ಹೊಸತರಿಂದಲೂ ಒಮ್ಮೆ ಓಡಿಸಿ ನೋಡು ಎಂದು ಅವನು ಅವಳ ಬೆನ್ನು ಹತ್ತಿದ್ದ. ಊರಿನ ಬೈಕುಗಳಿಗೆಲ್ಲ ಬೆಲೆ ಹೇಳುವವಳು ಒಂದನ್ನೂ ಓಡಿಸಿಲ್ಲವೆಂದರೆ ಜನ ನಗುತ್ತಾರೆ ಎಂದು ಕಾಡುತ್ತಿದ್ದ. ಹತ್ತಿ ಕೂತರೆ ಕಾಲು ಗಾಳಿಯಲ್ಲಿ ನೇತಾಡುತ್ತಿತ್ತು. ನನ್ನ ಕಾಲು ನೆಲ ಮುಟ್ಟಿದ ದಿನ ಓಡಿಸುತ್ತೇನೆ ಎಂದು ಅವಳು ಬಾಯಿ ಮುಚ್ಚಿಸುತ್ತಿದ್ದಳು. ಅತ್ತೆಯೂ ಸೊಸೆಯಷ್ಟೇ ಎತ್ತರ. ಮನೆಯಲ್ಲಿರುವ ಇಬ್ಬರೂ ಕುಳ್ಳಿಯರೇ, ಅಟ್ಟದಿಂದ ಏನು ಇಳಿಸಬೇಕಾದರೂ ನಾನೇ ಬೇಕು ಎಂದು ಅವನು ಜಂಬ ಕೊಚ್ಚಿಕೊಳ್ಳುತ್ತಿದ್ದ.

ಅವಳ ಕಣ್ಣು ನೆಲದ ಮೇಲಿನ ಫೋಮಿನ ತುಂಡಿಗೆ ಬಿತ್ತು. ಮಂಡಿ ನೋವು ಅಂತೀಯಲ್ಲ, ಕೆಲಸ ಮಾಡುವಾಗ ಇಟ್ಟುಕೋ ಎಂದು ಅವನೇ ಕೊಟ್ಟಿದ್ದು. ಎಲ್ಲಿಂದ ಬಂತೆಂದು ಅವಳು ಕೇಳಿರಲಿಲ್ಲ. ಮೂರು ತಿಂಗಳಿಂದ, ಎಷ್ಟೋ ಜನರ ಶೆಡ್ಡುಗಳಲ್ಲಿ, ಅದರ ಮೇಲೆ ಮಂಡಿಯೂರಿ ಕಂಡವರ ಬೈಕುಗಳಲ್ಲಿ ಹುಳುಕು ಹುಡುಕಿದ್ದಳು. ಅದನ್ನು ಎತ್ತಿ ದೂಳು ಕೊಡವಿ ಸೀಟಿನ ಮೇಲಿಟ್ಟಳು. ಮುಂದಿನ ಬಾಗು ಬಾಗಿಗೆ ಕೂತಿತು, ಹಿಂದಿನ ಏರು ಏರಿಗೆ ಕೂತಿತು.

ಬೆಲೆ ಎಷ್ಟು ಅಂತ ಇಟ್ಟುಕೊಳ್ಳೋಣ ಎಂದು ಡಾಕ್ಟರು ಮೆಲ್ಲಗೆ ಕೇಳಿದರು. ಅವಳು ಫೋಮನ್ನು ಪಕ್ಕಕ್ಕಿಟ್ಟು, ಹ್ಯಾಂಡಲ್ ಹಿಡಿದು ಕಾಲು ಹಾಕಿ ಕೂತಳು. ಸ್ಟ್ಯಾಂಡ್ ತಳ್ಳಿ ಬೈಕನ್ನು ನೆಟ್ಟಗೆ ಮಾಡಿದಳು. ಎರಡೂ ಹಿಮ್ಮಡಿಗಳು ನೆಲಕ್ಕೆ ಊರಿದವು.

ಡಾಕ್ಟರು ಬಂದಾಗಿನಿಂದಲೂ ಅತ್ತೆ ಶೆಡ್ಡಿನ ಬಾಗಿಲಲ್ಲೇ ನಿಂತಿದ್ದರು.

"ಅತ್ತೆ, ಕಾಲು ನೆಲ ಮುಟ್ತಿದೆ."

"ಮುಟ್ಟುತ್ತಮ್ಮ," ಎಂದರು ಅತ್ತೆ. "ನನ್ನನ್ನೇ ಕೂರಿಸಿ ಅಳತೆ ನೋಡಿದ್ದ. ನನ್ನ ಕಾಲು ಊರೋವರೆಗೂ ಸೀಟು ಕೊಯ್ತಾನೇ ಇದ್ದ. ನಿನಗೆ ಹೇಳ್ಬಾರ್ದು, ನಾನೇ ತೋರಿಸ್ತೀನಿ ಅಂತ ಆಣೆ ಹಾಕಿಸ್ಕೊಂಡಿದ್ದ. ಅವನು ಹೋದ್ಮೇಲೆ ಹೇಗೆ ಹೇಳ್ಬೇಕೋ ನನಗೆ ತಿಳೀಲಿಲ್ಲ."

ಡಾಕ್ಟರು ಕನ್ನಡಿಯನ್ನು ಜೇಬಿಗೆ ಹಾಕಿಕೊಂಡರು. ಹೊರಗೆ ಹೋಗಿ, ಇವತ್ತು ಏನೂ ತುಂಬಿಸುವುದಿಲ್ಲ, ಬಾಡಿಗೆ ನಾನೇ ಕೊಡುತ್ತೇನೆ ಎಂದು ವ್ಯಾನಿನವನಿಗೆ ಹೇಳಿದ್ದು ಒಳಗೂ ಕೇಳಿಸಿತು.

ಮೊದಲು ಎದೆಯ ಮೂಲೆಯಲ್ಲೆಲ್ಲೋ ಚುಚ್ಚಿತು, ಮರಗಟ್ಟಿದ ಕಾಲಿಗೆ ರಕ್ತ ಇಳಿಯುವಾಗ ಚುಚ್ಚುವಂತೆ. ಆಮೇಲೆ ಅದು ಎಲ್ಲ ಕಡೆಗೂ ಹಬ್ಬತೊಡಗಿತು. ಹ್ಯಾಂಡಲ್ ಮೇಲಿನ ಅವಳ ಹಿಡಿತ ಸಡಿಲಿ ಬೈಕು ಒಂದು ಕಡೆಗೆ ವಾಲಿತು. ಅತ್ತೆ ಬಂದು ಇನ್ನೊಂದು ಕಡೆಯಿಂದ ಹಿಡಿದುಕೊಂಡರು.

"ನೋಯ್ತಿದೆ ಅತ್ತೆ."

"ನೋಯ್ಲಿ ಬಿಡು. ನಾನು ಹಿಡ್ಕೊಂಡಿದೀನಿ," ಎಂದರು ಅತ್ತೆ.